ಚಿಪ್ಸ್ ಮಣೆಯೂ ಹೆಬ್ಬೆರಳೂ

ಈ ಅಂಕಣದಲ್ಲಿ ನಾವು ಅಡಿಕೆಯ ಕೊಳೆರೋಗ, ತೆಂಗಿನ ಕೆಂಪುಮೂತಿ ಹುಳ, ಸಕ್ಕರೆಕಾಯಿಲೆಯವರ ಕಾಲಿನ ಆರೈಕೆ ಮುಂತಾದ ವಿಷಯಗಳನ್ನು ಬರೆದದ್ದುಂಟು. ಈ ಸಲದ ವಿಷಯವನ್ನು ನೋಡಿ ಕೆಲವರಿಗೆ ನಗು ಬರಬಹುದು. ಬಾಳೆಕಾಯಿ ಚಿಪ್ಸ್ ಕೊರೆಯುವ ಮಣೆಯ ಬಗ್ಗೆ ಬರೆಯಲು ಏನಿದೆ ಎಂದು ನಾವೂ ಮೊದಲು ಯೋಚಿಸಿದ್ದೆವು. ಓಣಂ ಕಳೆದ ಮರುವಾರ ನಮ್ಮ ಊರಿನ ಒಬ್ಬ ತಾಯಿ ಬಲಗೈಯ ಹೆಬ್ಬೆರಳಿಗೆ ದಪ್ಪನೆಯ ಬಿಳಿ ಬಟ್ಟೆ ಸುತ್ತಿಕೊಂಡು ಬಂದು ನಿಂತ ಮೇಲೆ ಆ ಯೋಚನೆ ಬದಲಾಯಿತು.

ಅವರು ಬೀಡಿ ಕಟ್ಟುವವರು. ಬೀಡಿ ಕಟ್ಟುವವರಿಗೆ ಹೆಬ್ಬೆರಳು ಮತ್ತು ತೋರುಬೆರಳು ಎಂದರೆ ಏನೆಂಬುದನ್ನು ಗಡಿನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಎಲೆಯನ್ನು ಸುರುಳಿ ಸುತ್ತುವುದೂ, ತುದಿ ಮಡಚುವುದೂ, ನೂಲು ಬಿಗಿಯುವುದೂ ಆ ಎರಡು ಬೆರಳುಗಳ ತುದಿಯಲ್ಲೇ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದ ಮಜೂರಿಯಲ್ಲಿ ಬೆರಳು ನಿಂತರೆ ದುಡ್ಡೂ ನಿಲ್ಲುತ್ತದೆ. "ಫಾದರ್, ಮೆಟ್ಟುಕತ್ತಿಯಲ್ಲಿ ನಲ್ವತ್ತು ವರ್ಷ ಕೊರೆದಿದ್ದೇನೆ, ಒಂದು ಸಲ ಕೂಡ ಹೀಗೆ ಆದದ್ದಿಲ್ಲ. ಈ ಮಣೆ ತಂದು ನಾಲ್ಕು ದಿನ ಆಗಿರ್ಲಿಲ್ಲ" ಎಂದರು. ಬೆರಳ ತುದಿಯ ಮಾಂಸ ಒಂದು ನಾಣ್ಯದಷ್ಟು ಹಾರಿಹೋಗಿತ್ತು. ಹಬ್ಬಕ್ಕೆಂದು ನೇಂದ್ರ ಕೊರೆಯುತ್ತಿದ್ದಾಗ ಆದದ್ದು. ಒಂದೂವರೆ ತಿಂಗಳು ಬೀಡಿ ಇಲ್ಲ.

ನಲ್ವತ್ತು ವರ್ಷ ಕತ್ತಿಯಲ್ಲಿ ಆಗದ್ದು ನಾಲ್ಕು ದಿನದಲ್ಲಿ ಹೇಗೆ ಆಯಿತು? ಆ ತಾಯಿಯ ಅಜಾಗ್ರತೆ ಎಂದು ಹೇಳಿ ಮುಗಿಸಿಬಿಡುವುದು ಸುಲಭ; ಆದರೆ ಅದು ಸರಿಯಾದ ಉತ್ತರವಲ್ಲ ಎಂಬುದು ನಮ್ಮ ಅಭಿಪ್ರಾಯ. ಕತ್ತಿಗೆ ಒಂದು ಗುಣ, ಮಣೆಗೆ ಇನ್ನೊಂದು ಗುಣ. ಕತ್ತಿಯಲ್ಲಿ ಕಲಿತ ಅಭ್ಯಾಸವನ್ನೇ ಮಣೆಗೂ ತಂದಾಗ ಅಪಾಯ ಹುಟ್ಟುತ್ತದೆ.

ಈ ಉಪಕರಣಕ್ಕೆ ನಮ್ಮಲ್ಲಿ ಕೆಲವರು ಸ್ಲೈಸರ್ ಎನ್ನುತ್ತಾರೆ, ಕೆಲವರು ಚಿಪ್ಸ್ ಮಣೆ ಎನ್ನುತ್ತಾರೆ. ಅಂಗಡಿಯ ಪೆಟ್ಟಿಗೆಯ ಮೇಲೆ ಮ್ಯಾಂಡೋಲಿನ್ ಸ್ಲೈಸರ್ ಎಂದು ಬರೆದಿರುವುದೂ ಉಂಟು. ಅದನ್ನು ಓದಿದ ನಮ್ಮ ಗಾಯನ ಮಂಡಳಿಯ ಹುಡುಗನೊಬ್ಬ, ಮ್ಯಾಂಡೋಲಿನ್ ಶ್ರೀನಿವಾಸರ ಮ್ಯಾಂಡೋಲಿನ್‌ಗೂ ಬಾಳೆಕಾಯಿಗೂ ಏನು ಸಂಬಂಧ ಎಂದು ಕೇಳಿದ. ವಾದ್ಯದ ಹೆಸರೇ ಉಪಕರಣಕ್ಕೂ ಬಂದದ್ದು. ಫ್ರೆಂಚರು ಇಟ್ಟ ಹೆಸರು. ತಂತಿ ಮೀಟುವವನ ಮಣಿಕಟ್ಟು ಹಿಂದೆ ಮುಂದೆ ಆಡುವಂತೆಯೇ ಕೊರೆಯುವವನ ಕೈಯೂ ಆಡುತ್ತದೆ ಎಂಬುದು ಅದಕ್ಕೆ ಹೇಳುವ ಕಾರಣ.

ರಚನೆ ಬಹಳ ಸರಳ. ಬಡಗಿಯ ಕೀಸುಳಿಯನ್ನು ಮಗುಚಿ ಹಾಕಿದರೆ ಅದೇ ಈ ಮಣೆ. ಬಡಗಿ ಮರದ ಮೇಲೆ ಕೀಸುಳಿಯನ್ನು ಓಡಿಸುತ್ತಾನೆ, ನಾವು ಅಲಗಿನ ಮೇಲೆ ಕಾಯಿಯನ್ನು ಓಡಿಸುತ್ತೇವೆ. ನಡುವೆ ಅಡ್ಡಲಾಗಿ ಅಲಗು ಕೂತಿರುತ್ತದೆ. ಕಾಯಿ ಜಾರಿಕೊಂಡು ಬರುವ ಈಚೆಯ ಹಲಗೆ ಅಲಗಿನ ಬಾಯಿಗಿಂತ ಸ್ವಲ್ಪ ತಗ್ಗಿನಲ್ಲಿರುತ್ತದೆ. ಅಲಗಿನ ಆಚೆಯ ಹಲಗೆ ಅಲಗಿನ ಮಟ್ಟಕ್ಕೇ ಇರುತ್ತದೆ. ಈ ತಗ್ಗು ಎಷ್ಟೋ ಬಿಲ್ಲೆಯ ದಪ್ಪ ಅಷ್ಟು. ಒಳ್ಳೆಯ ಮಣೆಗಳಲ್ಲಿ ಬದಿಯ ತಿರುಪನ್ನು ತಿರುಗಿಸಿ ಆ ತಗ್ಗನ್ನು ಒಂದು ಮಿಲಿಮೀಟರಿನಿಂದ ಐದಾರು ಮಿಲಿಮೀಟರಿನವರೆಗೆ ಹೊಂದಿಸಿಕೊಳ್ಳಬಹುದು. ಸಾಂತ್‌ಮಾರಿಯ ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಮಣೆಗಳಲ್ಲಿ ಒಂದೇ ದಪ್ಪ, ತಪ್ಪಿದರೆ ಎರಡು.

ಈಗ ಮೆಟ್ಟುಕತ್ತಿಯನ್ನು ನೆನಪಿಸಿಕೊಳ್ಳಿ. ಅಲಗು ನೆಟ್ಟಗೆ ನಿಂತು ಕಣ್ಣೆದುರಿಗೇ ಇರುತ್ತದೆ. ಎರಡೂ ಕೈಯಲ್ಲಿ ಕಾಯಿಯನ್ನು ಹಿಡಿದು ಅಲಗಿನ ಕಡೆಗೆ ದೂಡುತ್ತೇವೆ. ಒಂದೊಂದು ಹೋಳಿಗೂ ಕೈ ಒಮ್ಮೆ ನಿಲ್ಲುತ್ತದೆ, ಬೆರಳು ಹಿಂದೆ ಸರಿಯುತ್ತದೆ. ಅಲಗು ಎಲ್ಲಿದೆ ಎಂದು ಕಣ್ಣು ಸದಾ ನೋಡುತ್ತಿರುತ್ತದೆ. ಮಣೆಯಲ್ಲಿ ಹಾಗಲ್ಲ. ಅಲಗು ಮಲಗಿರುತ್ತದೆ, ಅದನ್ನು ಕಾಯಿಯೇ ಮುಚ್ಚಿಕೊಂಡಿರುತ್ತದೆ. ನಮ್ಮ ಅಂಗೈ ಕಾಯಿಯ ಮೇಲಿರುತ್ತದೆ, ಕಾಯಿಯ ಕೆಳಗೆ ಅಲಗು. ಕೈ ನಿಲ್ಲದೆ ಓಡುತ್ತದೆ. ಕಾಯಿ ಕರಗುತ್ತಾ ಬಂದ ಹಾಗೆ ಬೆರಳು ಅಲಗಿನ ಹತ್ತಿರಕ್ಕೆ ತಾನಾಗಿ ಇಳಿಯುತ್ತದೆ. ನಾವು ಇಳಿಸುವುದಲ್ಲ, ಅದೇ ಇಳಿಯುವುದು.

ಲೆಕ್ಕ ಹಾಕಿ ನೋಡೋಣ. ಕೈಯಲ್ಲಿ ಇನ್ನೊಂದು ಅಂಗುಲದ ತುಂಡು ಉಳಿದಿದೆ ಎಂದಿಟ್ಟುಕೊಳ್ಳಿ. ಅಂಗುಲ ಎಂದರೆ ಸುಮಾರು 25 ಮಿಲಿಮೀಟರು. ಚಿಪ್ಸ್‌ನ ಬಿಲ್ಲೆ 2 ಮಿಲಿಮೀಟರು. ಹನ್ನೆರಡು ಸಲ ಉಜ್ಜಿದರೆ ತುಂಡು ಮುಗಿಯಿತು. ಕೈ ಪಳಗಿದವರು ಸೆಕೆಂಡಿಗೆ ಎರಡು ಸಲ ಉಜ್ಜುತ್ತಾರೆ. ಹಾಗಾದರೆ ಒಂದು ಅಂಗುಲದಿಂದ ಬೆರಳಿನವರೆಗೆ ಆರು ಸೆಕೆಂಡು. ಅಷ್ಟು ಹೊತ್ತಿನಲ್ಲಿ ಯಾರೋ ಕರೆದರೆ, ಕುಕ್ಕರ್ ಕೂಗಿದರೆ, ಮೊಬೈಲು ಗುಂಯ್ಗುಟ್ಟಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ನಮಗೆ ತಿಳಿದುಬಂದ ಗಾಯಗಳೆಲ್ಲ ಕಾಯಿಯ ಕೊನೆಯ ತುಂಡಿನಲ್ಲೇ ಆದವು. ಮೊದಲ ಬಿಲ್ಲೆಯಲ್ಲಿ ಬೆರಳು ಕೊಯ್ದುಕೊಂಡವರನ್ನು ನಾವು ಇದುವರೆಗೆ ಕಂಡಿಲ್ಲ.

ಹಾಗಾದುದರಿಂದ ಮೊದಲನೆಯ ಮತ್ತು ಮುಖ್ಯವಾದ ಮಾತು: ಕೊನೆಯ ಒಂದೂವರೆ ಅಂಗುಲವನ್ನು ಬರಿಗೈಯಲ್ಲಿ ಮಣೆಯ ಮೇಲೆ ಉಜ್ಜಬೇಡಿ. ಅದನ್ನು ತೆಗೆದು ಒಂದು ಪಾತ್ರೆಗೆ ಹಾಕಿಡಿ. ನಮ್ಮ ಹೆಣ್ಣುಮಕ್ಕಳಿಗೆ ಇದು ಕಷ್ಟದ ಮಾತು ಎಂಬುದು ನಮಗೆ ಗೊತ್ತು. ಒಂದು ಹನಿಯನ್ನೂ ಹಾಳುಮಾಡಬಾರದೆಂದು ಕಲಿತ ಕೈಗಳು ಅವು. ಆ ತುಂಡನ್ನು ಬಿಡಲು ಮನಸ್ಸು ಬಾರದು. ಬಿಸಾಡಿ ಎಂದು ನಾವು ಹೇಳುವುದಿಲ್ಲ. ಅದಕ್ಕೊಂದು ಉಪಾಯವನ್ನು ಕೊನೆಯಲ್ಲಿ ಹೇಳುತ್ತೇವೆ.

ಮಣೆಯ ಜೊತೆಗೆ ಒಂದು ಟೊಪ್ಪಿಯಂತಹ ಹಿಡಿಕೆ ಬರುತ್ತದೆ. ಅದರ ಒಳಗೆ ಸಣ್ಣ ಮುಳ್ಳುಗಳಿರುತ್ತವೆ. ಕಾಯಿಗೆ ಆ ಮುಳ್ಳುಗಳನ್ನು ಚುಚ್ಚಿ, ಟೊಪ್ಪಿಯನ್ನು ಹಿಡಿದು ಉಜ್ಜಬೇಕು. ಆಗ ಬೆರಳಿಗೂ ಅಲಗಿಗೂ ನಡುವೆ ಒಂದು ಗೋಡೆ ಇದ್ದಂತೆ. ಆದರೆ ಮನೆಗಳಲ್ಲಿ ವಿಚಾರಿಸಿದಾಗ ಈ ಟೊಪ್ಪಿ ಹೆಚ್ಚಾಗಿ ಅಟ್ಟದಲ್ಲಿರುತ್ತದೆ, ಇಲ್ಲವೇ ಮಕ್ಕಳ ಆಟದ ಸಾಮಾನಿನೊಂದಿಗೆ ಇರುತ್ತದೆ. "ಅದರಲ್ಲಿ ಕೆಲಸ ಸಾಗುವುದಿಲ್ಲ ಫಾದರ್" ಎನ್ನುತ್ತಾರೆ. ಮಾತು ಅರ್ಧ ನಿಜ. ಉದ್ದನೆಯ ನೇಂದ್ರಕಾಯಿಗೆ ಟೊಪ್ಪಿ ಸರಿಯಾಗಿ ಕೂರುವುದಿಲ್ಲ. ಕಾಯಿ ಉದ್ದವಾಗಿರುವಷ್ಟು ಹೊತ್ತು ಕೈಯಲ್ಲೇ ಉಜ್ಜಿ, ಅದು ಅಂಗೈಯೊಳಗೆ ಮುಚ್ಚಿಹೋಗುವಷ್ಟು ಗಿಡ್ಡವಾದಾಗ ಟೊಪ್ಪಿಗೆ ಬದಲಾಯಿಸಿಕೊಳ್ಳಬಹುದು. ಸಂತೆಯಲ್ಲಿ ಮೈಕು ಹಿಡಿದು ಮಾರುವವನು ಟೊಪ್ಪಿ ಇಲ್ಲದೆಯೇ, ನಮ್ಮ ಮುಖ ನೋಡಿಕೊಂಡೇ, ಕ್ಯಾರೆಟ್ಟನ್ನು ಸರಸರನೆ ಕೊರೆದು ತೋರಿಸುತ್ತಾನೆ. ಅವನು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡುವವನು. ಅವನು ಎಷ್ಟು ತುಂಡು ಬಿಟ್ಟು ಕೈ ತೆಗೆಯುತ್ತಾನೆ ಎಂಬುದನ್ನು ಈ ಸಲದ ಸಂತೆಯಲ್ಲಿ ನಿಂತು ನೋಡಿ. ಕೊನೆಯ ತುಂಡನ್ನು ಅವನು ಎಂದೂ ಉಜ್ಜುವುದಿಲ್ಲ.

ಕೈಗವಸುಗಳೂ ಈಗ ಸಿಗುತ್ತವೆ. ಬೂದುಬಣ್ಣದ ಬನಿಯನ್ ಬಟ್ಟೆಯಂತೆ ಕಾಣುವ, ಕತ್ತಿಗೆ ಸುಲಭವಾಗಿ ಬಗ್ಗದ ನೂಲಿನಿಂದ ನೆಯ್ದ ಗವಸು. ಕೆಲವದರಲ್ಲಿ ತೆಳುವಾದ ಉಕ್ಕಿನ ಎಳೆಯೂ ಇರುತ್ತದೆ. ಕಾಯಿ ಹಿಡಿಯುವ ಕೈಗೆ ಒಂದು ಸಾಕು. ಆದರೆ ಅಳತೆ ಸರಿಯಾಗಿರಬೇಕು, ಬೆರಳ ತುದಿಯಲ್ಲಿ ಜೋತುಬಿದ್ದರೆ ಅಲಗಿಗೆ ಸಿಕ್ಕಿಕೊಳ್ಳುತ್ತದೆ. ಗವಸು ಹಾಕಿದ ಮಾತ್ರಕ್ಕೆ ಬೆರಳು ಕಬ್ಬಿಣವಾಗುವುದಿಲ್ಲ. ಅದು ಗೀರುವ ಅಲಗನ್ನು ತಡೆಯುತ್ತದೆ, ಚುಚ್ಚುವ ಮೊನೆಯನ್ನು ತಡೆಯುವುದಿಲ್ಲ. ಪಾತ್ರೆ ತೊಳೆಯುವ ರಬ್ಬರಿನ ಗವಸು ಈ ಕೆಲಸಕ್ಕೆ ಏನೂ ಪ್ರಯೋಜನವಿಲ್ಲ, ಜಾರುವುದು ಇನ್ನೂ ಹೆಚ್ಚಾಗುತ್ತದೆ.

ಬೇಕರಿಯವರನ್ನು ನೋಡಿ ಕಲಿಯಬಾರದ್ದು

ಕಾಸರಗೋಡಿನ ಪೇಟೆಯಲ್ಲಿ ಚಿಪ್ಸ್ ಅಂಗಡಿಯ ಎದುರು ನಿಂತವರೆಲ್ಲ ಒಂದು ದೃಶ್ಯವನ್ನು ನೋಡಿರುತ್ತಾರೆ. ದೊಡ್ಡ ಬಾಣಲೆಯಲ್ಲಿ ತೆಂಗಿನೆಣ್ಣೆ ಕುದಿಯುತ್ತಿರುತ್ತದೆ. ಅದರ ಮೇಲೆಯೇ ಮಣೆ ಹಿಡಿದು ನೇಂದ್ರಕಾಯಿಯನ್ನು ಉಜ್ಜುತ್ತಾರೆ, ಬಿಲ್ಲೆಗಳು ಮಳೆಯಂತೆ ನೇರವಾಗಿ ಎಣ್ಣೆಗೆ ಬೀಳುತ್ತವೆ. ಇದಕ್ಕೆ ಕಾರಣವಿದೆ. ಬಾಳೆಕಾಯಿಯ ಸೊನೆಯಿಂದಾಗಿ ಕೊರೆದಿಟ್ಟ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಾಳಿ ತಾಗಿ ಕಪ್ಪಾಗುತ್ತವೆ. ನೇರವಾಗಿ ಎಣ್ಣೆಗೆ ಬಿದ್ದರೆ ಬಿಡಿಬಿಡಿಯಾಗಿ ಬೇಯುತ್ತವೆ.

ನಮ್ಮ ತಾಯಂದಿರು ಕೆಲವರು ಮನೆಯಲ್ಲೂ ಹೀಗೆಯೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಅಂಗಡಿಯ ಬಾಣಲೆ ಅಗಲವಾದದ್ದು, ಒಲೆ ಗಟ್ಟಿಯಾಗಿ ಕೂತದ್ದು. ಮನೆಯ ಗ್ಯಾಸ್ ಒಲೆಯ ಮೇಲಿನ ಸಣ್ಣ ಬಾಣಲೆ ಒಂದು ಸಣ್ಣ ತಳ್ಳಾಟಕ್ಕೆ ಮಗುಚೀತು. ಬೆರಳು ತುಂಡಾದ ಗಾಬರಿಯಲ್ಲಿ ಕೈ ಎಳೆದುಕೊಂಡಾಗ ಮಣೆ ಎಣ್ಣೆಗೆ ಬಿದ್ದರೆ ಗಾಯದ ಜೊತೆಗೆ ಸುಟ್ಟಗಾಯವೂ ಸೇರುತ್ತದೆ. ಗವಸು ಇದೆಯಲ್ಲ ಎಂದು ಧೈರ್ಯ ಮಾಡುವವರಿಗೂ ಒಂದು ಮಾತು. ಈ ಗವಸುಗಳಲ್ಲಿ ಹೆಚ್ಚಿನವು ಪಾಲಿಎಥಿಲೀನ್ ನೂಲಿನವು. ಅದು 150 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಚಿಪ್ಸ್ ಕಾಯಿಸುವ ಎಣ್ಣೆ 170 ಡಿಗ್ರಿಗೂ ಮೇಲಿರುತ್ತದೆ. ಕರಗಿದ ಗವಸು ಚರ್ಮಕ್ಕೆ ಅಂಟಿಕೊಂಡರೆ ಬರಿಗೈಯ ಸುಟ್ಟಗಾಯಕ್ಕಿಂತ ಕೆಟ್ಟದು.

ಮನೆಯಲ್ಲಿ ಮಾಡಬಹುದಾದ ಕ್ರಮ ಹೀಗೆ. ಬಲಿತ, ಆದರೆ ಹಣ್ಣಾಗಲು ತೊಡಗದ ನೇಂದ್ರಕಾಯಿಯನ್ನು ಆರಿಸಿ. ಹಣ್ಣಾಗಲು ತೊಡಗಿದೊಡನೆ ಪಿಷ್ಟ ಸಕ್ಕರೆಯಾಗುತ್ತದೆ, ಆಗ ಚಿಪ್ಸ್ ಬೇಗನೆ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಅಂಗೈಗೆ ತೆಂಗಿನೆಣ್ಣೆ ಸವರಿ ಸಿಪ್ಪೆ ತೆಗೆಯಿರಿ, ಸೊನೆ ಹಿಡಿಯುವುದಿಲ್ಲ. ಸಿಪ್ಪೆ ತೆಗೆದ ಕಾಯಿಗಳನ್ನು ಇಡಿಯಾಗಿಯೇ ಅರಿಶಿನ ಮತ್ತು ಉಪ್ಪು ಹಾಕಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ನಂತರ ಬಟ್ಟೆಯಿಂದ ಚೆನ್ನಾಗಿ ಒರಸಿ. ನಿಮ್ಮ ಕೈಯ ಎಣ್ಣೆಯನ್ನೂ ಸೋಪು ಹಾಕಿ ತೊಳೆದು ಒರಸಿಕೊಳ್ಳಿ, ಇದನ್ನು ಮರೆಯುವವರೇ ಹೆಚ್ಚು. ಎಣ್ಣೆಗೈ, ಒದ್ದೆಕಾಯಿ, ಹರಿತ ಅಲಗು ಈ ಮೂರೂ ಒಂದಾಗಬಾರದು. ಒಲೆ ಹಚ್ಚುವ ಮೊದಲೇ ಮೇಜಿನ ಮೇಲೆ ಕೊರೆದು, ಬಿಲ್ಲೆಗಳನ್ನು ಒಣ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ಎಣ್ಣೆ ಕಾದ ಮೇಲೆ ಒಂದೊಂದು ಹಿಡಿಯಷ್ಟನ್ನೇ ಬಾಣಲೆಯ ಬದಿಯಿಂದ ಬಿಡಿಬಿಡಿಯಾಗಿ ಜಾರಿಸಿ, ಜಾಲರಿ ಸೌಟಿನಿಂದ ಒಮ್ಮೆ ಆಡಿಸಿದರೆ ಅಂಟಿದವು ಬಿಟ್ಟುಕೊಳ್ಳುತ್ತವೆ. ಬಣ್ಣ ಅಂಗಡಿಯದರಷ್ಟು ಹೊಳೆಯದಿದ್ದೀತು, ರುಚಿಯಲ್ಲಿ ವ್ಯತ್ಯಾಸವಿಲ್ಲ.

ಉಪ್ಪುನೀರನ್ನು ಕುದಿಯುವ ಎಣ್ಣೆಗೇ ಚಿಮುಕಿಸುವ ಪದ್ಧತಿಯೂ ನಮ್ಮಲ್ಲಿ ಉಂಟು. ನೀರು ಆವಿಯಾಗುವಾಗ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಎಣ್ಣೆ ಸಿಡಿಯುವುದು ಅದರಿಂದ. ಚಿಮುಕಿಸಲೇಬೇಕೆಂದಿದ್ದರೆ ಒಂದು ಚಮಚದಷ್ಟನ್ನು, ಮುಖ ದೂರ ಹಿಡಿದು, ಮಕ್ಕಳನ್ನು ಹೊರಗೆ ಕಳುಹಿಸಿ. ಬಾಣಲೆಗೆ ಬೆಂಕಿ ಹತ್ತಿಕೊಂಡರೆ ನೀರು ಸುರಿಯಬಾರದು. ಗ್ಯಾಸ್ ಆರಿಸಿ ದೊಡ್ಡ ಮುಚ್ಚಳ ಮುಚ್ಚಿಬಿಡಬೇಕು.

ಇಷ್ಟೆಲ್ಲ ಅಪಾಯವಿರುವಾಗ ಮಣೆಯೇ ಏಕೆ ಬೇಕು ಎಂದು ಕೇಳಬಹುದು. ಬೇಕಾದದ್ದು ಸಮನಾದ ದಪ್ಪಕ್ಕಾಗಿ. ಬಿಲ್ಲೆಯ ದಪ್ಪ ಎರಡು ಪಟ್ಟಾದರೆ ಅದರೊಳಗಿನ ನೀರು ಹೊರಬರಲು ಎರಡು ಪಟ್ಟಿಗಿಂತ ಬಹಳ ಹೆಚ್ಚು ಹೊತ್ತು ಬೇಕಾಗುತ್ತದೆ, ಯಾಕೆಂದರೆ ನೀರು ನಡುವಿನಿಂದ ಹೊರಗೆ ನಡೆದು ಬರಬೇಕು. ಕತ್ತಿಯಲ್ಲಿ ಕೊರೆದ ಬಿಲ್ಲೆಗಳಲ್ಲಿ ಒಂದು ತೆಳು, ಒಂದು ದಪ್ಪ, ಇನ್ನೊಂದು ಒಂದು ಬದಿ ತೆಳು. ತೆಳುವಾದದ್ದು ಕರಿದುಹೋಗುವಾಗ ದಪ್ಪನೆಯದರ ನಡು ಇನ್ನೂ ಹಸಿ. ಡಬ್ಬಿಗೆ ತುಂಬಿದ ಎರಡು ದಿನದಲ್ಲಿ ಆ ಹಸಿಯೇ ಉಳಿದವನ್ನೂ ಮೆತ್ತಗೆ ಮಾಡುತ್ತದೆ. ಮಳೆಗಾಲಕ್ಕೆಂದು ಹಾಗಲಕಾಯಿಯ ಬಾಳ್ಕವನ್ನು ಬಿಸಿಲಿಗೆ ಹಾಕುವವರಿಗೂ ಇದೇ ನಿಯಮ. ದಪ್ಪ ಬಿಲ್ಲೆಯ ನಡುವಿನಿಂದಲೇ ಬೂಸ್ಟು ಶುರುವಾಗುವುದು. ನೇಂದ್ರಕ್ಕೆ ಒಂದೂವರೆಯಿಂದ ಎರಡು ಮಿಲಿಮೀಟರು, ಬಟಾಟೆಗೆ ಒಂದರಿಂದ ಒಂದೂವರೆ, ಹಾಗಲಕ್ಕೆ ಮೂರು ಸರಿಹೋಗುತ್ತದೆ. ನೇಂದ್ರದ ಬೆಲೆ ಬಿದ್ದ ವರ್ಷ ಗೊನೆಯನ್ನು ಸಿಕ್ಕಿದ ದರಕ್ಕೆ ಕೊಡುವ ಬದಲು ಮನೆಯಲ್ಲೇ ಚಿಪ್ಸ್ ಮಾಡಿ ಮಾರುವ ಕುಟುಂಬಗಳು ನಮ್ಮಲ್ಲಿವೆ. ಅವರಿಗಂತೂ ಮಣೆ ಇಲ್ಲದೆ ಆಗದು.

ಬಟಾಟೆಯ ವಿಷಯ ಬಂದುದರಿಂದ ಒಂದು ಆರೋಗ್ಯದ ಮಾತು. ಫ್ರಿಜ್ಜಿನಲ್ಲಿಟ್ಟ ಬಟಾಟೆ ಚಳಿಗೆ ಸಿಹಿಯಾಗುತ್ತದೆ, ಕರಿದಾಗ ಬೇಗ ಕಂದಾಗುತ್ತದೆ. ಹೀಗೆ ಕಂದಾಗುವಾಗ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಹುಟ್ಟುತ್ತದೆ ಎಂಬುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಕೊರೆದ ಬಿಲ್ಲೆಗಳನ್ನು ಅರ್ಧ ಗಂಟೆ ನೀರಿನಲ್ಲಿಟ್ಟು, ಬಸಿದು, ಒರಸಿ, ಹೊಂಬಣ್ಣಕ್ಕೇ ತೆಗೆದರೆ ಅದು ಕಡಿಮೆಯಾಗುತ್ತದೆ. ಚಿಪ್ಸ್ ಹಬ್ಬಕ್ಕಿರಲಿ, ದಿನದ ತಿಂಡಿಯಾಗುವುದು ಬೇಡ ಎಂದು ಬೇರೆ ಹೇಳಬೇಕೇ! ಮುಳ್ಳುಸೌತೆ, ಮೂಲಂಗಿ, ಕ್ಯಾಬೇಜು ಇವನ್ನು ಅದೇ ಮಣೆಯಲ್ಲಿ ತೆಳುವಾಗಿ ಕೊರೆದು, ಲಿಂಬೆ ಹಿಂಡಿ ತಿಂದರೆ ಮಣೆಗೂ ಪುಣ್ಯ.

ನಮ್ಮ ಜಿಲ್ಲೆಯಲ್ಲೇ ಇರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ತೊಡಗಿದ ಸಿಪಿಸಿಆರ್‌ಐ, ತೆಂಗಿನಕಾಯಿಯ ಚಿಪ್ಸನ್ನೂ ರೂಪಿಸಿದೆ ಎಂಬುದು ಹಲವರಿಗೆ ತಿಳಿಯದು. ಪೂರ್ತಿ ಬಲಿಯದ, ಎಂಟರಿಂದ ಹತ್ತು ತಿಂಗಳ ಕಾಯಿಯ ಕಂದು ಸಿಪ್ಪೆಯನ್ನು ಹೆರೆದು, ತೆಳುವಾಗಿ ಕೊರೆದು, ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುವ ಕ್ರಮ. ಎಣ್ಣೆಯಲ್ಲಿ ಕರಿಯುವುದೇ ಇಲ್ಲ. ಇದಕ್ಕೆ ಬೇಕಾದ ಕೊರೆಯುವ ಯಂತ್ರವನ್ನೂ ಅವರೇ ತಯಾರಿಸಿದ್ದಾರೆ. ತೆಂಗಿನಕಾಯಿಯನ್ನು ಮನೆಯ ಮಣೆಯಲ್ಲಿ ಉಜ್ಜಲು ಹೋಗಬೇಡಿ; ಗಟ್ಟಿಯಾದ, ಬಾಗಿದ ಹೋಳು ಅಲಗಿನಲ್ಲಿ ಸಿಕ್ಕಿ ಹಾರುತ್ತದೆ. ಅದಕ್ಕೆ ಬೇರೆಯೇ ಯಂತ್ರ ಬೇಕಾದದ್ದು ಅದರಿಂದಲೇ.

ಮಣೆಗೆ ಒಗ್ಗದ ತರಕಾರಿಗಳು ಇನ್ನೂ ಇವೆ. ಹಲಸಿನ ಸೊಳೆ ಕತ್ತಿಗೇ ಸರಿ. ನಾರಿನ ಮರಗೆಣಸು ಮಣೆಯಲ್ಲಿ ಮಧ್ಯೆ ನಿಂತುಬಿಡುತ್ತದೆ, ನಿಂತಾಗ ಒತ್ತಡ ಹಾಕುತ್ತೇವೆ, ಒತ್ತಡ ಹಾಕಿದಾಗ ಜಾರುತ್ತದೆ. ಸುವರ್ಣಗೆಡ್ಡೆ, ಜೀಗುಜ್ಜೆ ಮುಂತಾದ ದೊಡ್ಡವನ್ನು ಮೊದಲು ಕತ್ತಿಯಲ್ಲಿ ಅಂಗೈಗೆ ಹಿಡಿಯುವ ತುಂಡುಗಳನ್ನಾಗಿ ಮಾಡಿಕೊಳ್ಳಬೇಕು. ಉರುಟಾದ ನೀರುಳ್ಳಿ, ಬೀಟ್ರೂಟುಗಳನ್ನು ಎರಡು ಹೋಳು ಮಾಡಿ ಚಪ್ಪಟೆ ಮುಖವನ್ನು ಹಲಗೆಗೆ ತಾಗಿಸಿದರೆ ಉರುಳುವುದಿಲ್ಲ.

ಮಣೆಯ ಕೆಳಗೆ ಒದ್ದೆ ಬಟ್ಟೆಯೊಂದನ್ನು ಮಡಚಿ ಹಾಕಿ. ಮೇಜಿನ ಮೇಲೆ ಅದು ಓಡಾಡಬಾರದು. ನೆಲದಲ್ಲಿ ಕುಳಿತು, ಮಣೆಯನ್ನು ಮಡಿಲಲ್ಲೋ ಮೊಣಕಾಲಿಗೆ ಆನಿಸಿಯೋ ಕೊರೆಯುವುದು ಸಲ್ಲದು. ಬೆರಳುಗಳನ್ನು ಕಾಯಿಯ ಸುತ್ತ ಬಿಗಿಯಾಗಿ ಮುಷ್ಟಿ ಕಟ್ಟಬಾರದು. ತುದಿಗಳು ಮೇಲಕ್ಕೆ ಎತ್ತಿಕೊಂಡಿರಲಿ, ಅಂಗೈಯಿಂದ ಮೆಲ್ಲಗೆ ತಳ್ಳಿ. ಹರಿತವಾದ ಅಲಗಿಗೆ ಬಲ ಬೇಕಾಗಿಲ್ಲ. ಬಲ ಬೇಕಾಗುತ್ತಿದೆ ಎಂದರೆ ಅಲಗು ಮೊಂಡಾಗಿದೆ ಎಂದು ಅರ್ಥ. ಮೊಂಡು ಅಲಗೇ ಹೆಚ್ಚು ಅಪಾಯದ್ದು. ಅಗ್ಗದ ಮಣೆಯ ತೆಳು ಅಲಗನ್ನು ಸಾಣೆ ಹಿಡಿಯಲು ಬರುವುದಿಲ್ಲ, ಬದಲಾಯಿಸಬೇಕು. ನಮ್ಮ ಗುರುನಿವಾಸದ ಮಣೆಯನ್ನು ಪರೀಕ್ಷಿಸಿ ನೋಡಿದಾಗ ಅಲಗಿನ ಅರ್ಧ ಭಾಗ ತುಕ್ಕು ಹಿಡಿದಿತ್ತು. ಅದನ್ನು ತೆಗೆಸಿದೆವು.

ತೆಗೆದ ಅಲಗನ್ನು ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹರಿತ ಕರ್ಮ ಸೇನೆಯವರ ಕೈಗೆ ಕೊಡಬೇಡಿ. ಮನೆಮನೆಗೆ ಬಂದು ಕಸ ಬೇರ್ಪಡಿಸುವ ಆ ಹೆಣ್ಣುಮಕ್ಕಳ ಕೈಗಳೂ ಕೈಗಳೇ. ದಪ್ಪ ರಟ್ಟಿನಲ್ಲಿ ಸುತ್ತಿ, ಟೇಪು ಹಚ್ಚಿ, ಒಳಗೆ ಅಲಗಿದೆ ಎಂದು ಬರೆದು, ಬಾಯಲ್ಲಿಯೂ ಹೇಳಿ ಕೊಡಿ.

ತೊಳೆಯುವಾಗ ಆಗುವ ಗಾಯಗಳೂ ಕಡಿಮೆಯಲ್ಲ. ಸೋಪಿನ ನೊರೆಯ ನೀರಿನಲ್ಲಿ ಮಣೆಯನ್ನು ಮುಳುಗಿಸಿಟ್ಟರೆ ಮತ್ತೆ ಯಾರದೋ ಕೈ ಅದನ್ನು ಹುಡುಕುತ್ತದೆ. ಬಳಸಿದ ಕೂಡಲೇ ಹರಿಯುವ ನೀರಿನ ಕೆಳಗೆ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಉಜ್ಜಿ. ಬಾಯಿಯ ಉದ್ದಕ್ಕೂ ಉಜ್ಜಬೇಡಿ. ಒರಸಿ, ಒಂದು ಹನಿ ತೆಂಗಿನೆಣ್ಣೆ ಸವರಿ, ತಿರುಪನ್ನು ಸೊನ್ನೆಗೆ ತಂದು, ಬಟ್ಟೆಯಲ್ಲಿ ಸುತ್ತಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಚಮಚಗಳ ಡ್ರಾವರಿಗೆ ಹಾಕುವುದು ಬೇಡವೇ ಬೇಡ.

ಗಾಯವಾದರೆ

ಮೇಲೆ ಹೇಳಿದ ತಾಯಿ ಗಾಯವಾದ ಕೂಡಲೇ ಮಾಡಿದ್ದು ಕಾಫಿಪುಡಿ ತುಂಬಿದ್ದು. ರಕ್ತ ನಿಂತಂತೆ ಕಂಡಿತು. ಆಸ್ಪತ್ರೆಯಲ್ಲಿ ಆ ಪುಡಿಯನ್ನು ತೊಳೆದು ತೆಗೆಯುವಾಗ ಪಟ್ಟ ನೋವು ಕೊಯ್ದ ನೋವಿಗಿಂತ ದೊಡ್ಡದು ಎಂದು ಅವರೇ ಹೇಳಿದರು. ಕಾಫಿಪುಡಿ, ಅರಿಶಿನ, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ.

ಶುದ್ಧ ನೀರಿನ ಕೆಳಗೆ ಬೆರಳನ್ನು ಹಿಡಿದು ತೊಳೆಯಿರಿ. ಒಗೆದ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು, ಗಡಿಯಾರ ನೋಡಿಕೊಂಡು ಹತ್ತರಿಂದ ಹದಿನೈದು ನಿಮಿಷ ಬಿಗಿಯಾಗಿ ಒತ್ತಿಹಿಡಿಯಿರಿ, ಕೈ ಎದೆಗಿಂತ ಎತ್ತರದಲ್ಲಿರಲಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ, ಮತ್ತೆ ಮೊದಲಿನಿಂದ. ಬಟ್ಟೆ ತೋಯ್ದರೆ ಅದರ ಮೇಲೆಯೇ ಇನ್ನೊಂದನ್ನು ಇಡಿ. ಉಂಗುರವಿದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಬೆರಳಿನ ಬುಡಕ್ಕೆ ದಾರ ಬಿಗಿದು ಕಟ್ಟುವುದು ಕೆಟ್ಟ ಪದ್ಧತಿ. ರಕ್ತಸಂಚಾರವೇ ನಿಂತು ಉಳಿದ ಬೆರಳಿಗೂ ಹಾನಿಯಾದೀತು.

ತುಂಡಾದ ಭಾಗ ಸಿಕ್ಕಿದರೆ ಎಸೆಯಬೇಡಿ. ಒದ್ದೆಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಆಸ್ಪತ್ರೆಗೆ ಕೊಂಡೊಯ್ಯಿರಿ. ಮಂಜುಗಡ್ಡೆಯ ಮೇಲೆ ನೇರವಾಗಿ ಇಟ್ಟರೆ ಮಾಂಸ ಹೆಪ್ಪುಗಟ್ಟಿ ಸಾಯುತ್ತದೆ. ಮಣೆಯಲ್ಲಿ ಹೋಗುವುದು ಹೆಚ್ಚಾಗಿ ತೆಳುವಾದ ಪದರ. ಅದನ್ನು ಕೂಡಿಸಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಕಾಲು ಗಂಟೆ ಒತ್ತಿದರೂ ರಕ್ತ ನಿಲ್ಲದಿದ್ದರೆ, ಎಲುಬು ಕಂಡರೆ, ಉಗುರು ಸೇರಿ ಕೊಯ್ದಿದ್ದರೆ, ಬೆರಳು ಮಡಚಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೃದಯದ ಕಾಯಿಲೆಗೆ ಆಸ್ಪಿರಿನ್ನಿನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ನಿಲ್ಲುವುದು ನಿಧಾನ, ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸಕ್ಕರೆಕಾಯಿಲೆ ಇರುವವರು ಸಣ್ಣ ಗಾಯವನ್ನೂ ತೋರಿಸುವುದು ಒಳ್ಳೆಯದು. ಅವರಲ್ಲಿ ಕೆಲವರಿಗೆ ಬೆರಳ ತುದಿ ಜೋಮು ಹಿಡಿದಂತಿರುವುದರಿಂದ ಅಲಗು ತಾಗಿದ್ದೇ ತಡವಾಗಿ ಗೊತ್ತಾಗುತ್ತದೆ. ಅಂತಹವರು ಮಣೆಯನ್ನು ಬಳಸದಿರುವುದೇ ಲೇಸು.

ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಹಲವರು ಕೇಳುತ್ತಾರೆ. ಹಿಂದೆ ಟಿಟಿ ಎನ್ನುತ್ತಿದ್ದದ್ದು ಈಗ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಟಿಡಿ ಎಂಬ ಹೆಸರಿನಲ್ಲಿ ಸಿಗುತ್ತದೆ, ಅದರಲ್ಲಿ ಗಂಟಲಮಾರಿಯ ರಕ್ಷಣೆಯೂ ಸೇರಿದೆ. ಚಿಕ್ಕಂದಿನ ಚುಚ್ಚುಮದ್ದುಗಳೆಲ್ಲ ಆಗಿದ್ದು, ಕಳೆದ ಐದು ವರ್ಷದ ಒಳಗೆ ಒಂದನ್ನು ಹಾಕಿಸಿಕೊಂಡಿದ್ದರೆ ಸಾಮಾನ್ಯವಾಗಿ ಮತ್ತೆ ಬೇಡ. ಹತ್ತು ವರ್ಷ ದಾಟಿದ್ದರೆ ಬೇಕು. ನಡುವಿನ ಅವಧಿಯಾದರೆ ಗಾಯದ ಕೊಳೆಯನ್ನು ನೋಡಿ ವೈದ್ಯರು ಹೇಳುತ್ತಾರೆ. ಯಾವಾಗ ಹಾಕಿಸಿದ್ದೆಂದು ನೆನಪಿಲ್ಲದವರು ಮರುದಿನದೊಳಗೆ ಹೋಗಿ ಹಾಕಿಸಿಕೊಳ್ಳಿ.

ಎಲುಬು ಕಾಣದ, ಒಂದು ಚದರ ಸೆಂಟಿಮೀಟರಿನೊಳಗಿನ ಬೆರಳ ತುದಿಯ ಗಾಯ ಹೊಲಿಗೆಯಿಲ್ಲದೆಯೇ, ಸರಿಯಾದ ಡ್ರೆಸ್ಸಿಂಗಿನಲ್ಲಿ ಮೂರು ನಾಲ್ಕು ವಾರಗಳಲ್ಲಿ ತುಂಬಿಬರುತ್ತದೆ. ಬೆರಳ ತುದಿಗೆ ದೇವರು ಆ ಶಕ್ತಿ ಕೊಟ್ಟಿದ್ದಾನೆ. ಕೆಲವು ತಿಂಗಳು ತಣ್ಣೀರು ತಾಗಿದರೆ ಜುಮ್ಮೆನ್ನುವುದು, ಮುಟ್ಟಿದರೆ ಅತಿಯಾಗಿ ನೋಯುವುದು ಉಂಟು, ಗಾಬರಿ ಬೇಡ. ಆ ತಾಯಿಯ ಗಾಯ ಸ್ವಲ್ಪ ದೊಡ್ಡದಾಗಿದ್ದುದರಿಂದ ಆರು ವಾರ ಹಿಡಿಯಿತು. ಈಗ ಮತ್ತೆ ಬೀಡಿ ಕಟ್ಟುತ್ತಿದ್ದಾರೆ. ಹಿಂದಿನಷ್ಟು ಎಣಿಕೆ ಇನ್ನೂ ಬಂದಿಲ್ಲ, ನೂಲು ಬಿಗಿಯುವಾಗ ತುದಿ ನೋಯುತ್ತದಂತೆ.

ಅವರ ಮನೆಯ ಮಣೆಯ ಟೊಪ್ಪಿ ಕೊನೆಗೂ ಕೋಳಿಗೂಡಿನ ಹಿಂದೆ ಸಿಕ್ಕಿತು. ಉಳಿಸಿದ ತುಂಡುಗಳಿಗೆ ಉಪಾಯ ಹೇಳುತ್ತೇವೆ ಎಂದಿದ್ದೆವಲ್ಲ, ಅದು ಅವರದೇ. ನೇಂದ್ರದ ಒಂದೂವರೆ ಅಂಗುಲದ ತುಂಡುಗಳನ್ನೆಲ್ಲ ಕತ್ತಿಯಲ್ಲಿ ನಾಲ್ಕು ಹೋಳು ಮಾಡಿ, ರಾತ್ರಿಯೇ ನೆನೆಹಾಕಿ ಬೇಯಿಸಿದ ಕಡಲೆಯೊಂದಿಗೆ ಹಾಕಿ, ಕೊತ್ತಂಬರಿ, ಒಣಮೆಣಸು, ತೆಂಗಿನತುರಿ ಹುರಿದು ತರಿತರಿಯಾಗಿ ರುಬ್ಬಿದ ಮಸಾಲೆ ಬೆರಸಿ ಸುಕ್ಕ ಮಾಡುತ್ತಾರೆ. ಹತ್ತು ಕಾಯಿ ಚಿಪ್ಸ್ ಕೊರೆದರೆ ನಾಲ್ಕು ಜನರ ಊಟಕ್ಕಾಗುವಷ್ಟು ತುಂಡು ಉಳಿಯುತ್ತದೆ.